ಸೋಗು ಹಾಕಿದ ಹಡಗುಗಳು



ಗದಗ-ಬೆಟಗೇರಿಯಿಂದ ಸಮುದ್ರಕ್ಕೆ ನೇರ ಗೆರೆ ಎಳೆದರೂ 150 ಕಿಲೋಮೀಟರಿಗಿಂತ ಹೆಚ್ಚಾಗುತ್ತದೆ. ಮುಂಡರಗಿಯವರು ದಿನವೂ ಕಾಣುವ ದೊಡ್ಡ ನೀರೆಂದರೆ ತುಂಗಭದ್ರೆ. ಶಿರಹಟ್ಟಿ, ಲಕ್ಷ್ಮೇಶ್ವರದವರಿಗೆ ಊರ ಕೆರೆ. ಇಂಥಲ್ಲಿ ಕುಳಿತು ಓದುವ ನಿಮಗೆ ಸಮುದ್ರ ಕಾಳಗದ ಚಲನಚಿತ್ರಗಳನ್ನು ನೋಡಿರೆಂದು ಶಿಫಾರಸು ಮಾಡುವುದು ವಿಚಿತ್ರವೆನಿಸಬಹುದು. ಆದರೆ ಅದಕ್ಕೆ ಕಾರಣವಿದೆ. ನೆಲದ ಮೇಲಿನ ಯುದ್ಧವಾದರೆ ಅದು ನಡೆದ ನೆಲವಾದರೂ ಉಳಿಯುತ್ತದೆ. ಸುಮಾರು 1190ರ ಹೊತ್ತಿಗೆ ಹೊಯ್ಸಳ ಇಮ್ಮಡಿ ಬಲ್ಲಾಳನೂ ಸೇವುಣ ಐದನೆಯ ಭಿಲ್ಲಮನೂ ಕಾದಿದ ಸೊರಟೂರಿಗೆ ನೀವು ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಮಧ್ಯಾಹ್ನಕ್ಕೆ ಮರಳಬಹುದು. ಸಮುದ್ರ ಹಾಗಲ್ಲ. ಹಡಗು ಮುಳುಗಿ ಗಂಟೆಯೊಳಗೆ ಅಲ್ಲಿ ಮತ್ತೆ ಬರೀ ನೀರು. ಹಾಗಾಗಿ ಸಮುದ್ರ ಯುದ್ಧವನ್ನು ಯಾರಾದರೂ ಕೆತ್ತಿ, ಬರೆದು, ಇಲ್ಲವೇ ಚಿತ್ರಿಸಿ ತೋರಿಸಿದರೆ ಮಾತ್ರ ನಮಗೆ ಕಾಣುವುದು.

ಕೆತ್ತಿ ತೋರಿಸಿದ್ದೂ ಉಂಟು. ನಿಮ್ಮ ಕಡೆಯ ಗುಡಿಗಳ ಅಂಗಳದಲ್ಲಿ ವೀರಗಲ್ಲುಗಳನ್ನು ನೋಡಿರುತ್ತೀರಿ: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಮುಂಬಯಿಯ ಬೋರಿವಲಿ ಬಳಿಯ ಏಕ್ಸರ್ ಎಂಬಲ್ಲಿರುವ ವೀರಗಲ್ಲುಗಳಲ್ಲಿ ಕೆಳಗಿನ ಪಟ್ಟಿಕೆಯಲ್ಲಿ ಕುದುರೆಗಳಿಗೆ ಬದಲಾಗಿ ಹಡಗುಗಳಿವೆ, ಸಾಲಾಗಿ ಹುಟ್ಟು ಹಾಕುವವರಿದ್ದಾರೆ. 1265ರ ಸುಮಾರಿಗೆ ಸೇವುಣ ಮಹಾದೇವನಿಗೂ ಕೊಂಕಣದ ಶಿಲಾಹಾರ ಸೋಮೇಶ್ವರನಿಗೂ ನಡೆದ ಕಾಳಗದೊಡನೆ ವಿದ್ವಾಂಸರು ಇವನ್ನು ಜೋಡಿಸುತ್ತಾರೆ. ಸೊರಟೂರಿನಲ್ಲಿ ಕಾದಿದ ಅದೇ ಸೇವುಣ ವಂಶವೆಂಬುದನ್ನು ಗಮನಿಸಿ. ಅದಕ್ಕೂ ಆರು ಶತಮಾನ ಹಿಂದೆ, 634ರಲ್ಲಿ, ರವಿಕೀರ್ತಿ ಐಹೊಳೆಯ ಶಾಸನದಲ್ಲಿ ಇಮ್ಮಡಿ ಪುಲಕೇಶಿಯ ನೌಕೆಗಳು ಪಶ್ಚಿಮ ಸಮುದ್ರದ ಪುರಿ ನಗರವನ್ನು ಮುತ್ತಿದ್ದನ್ನು ವರ್ಣಿಸಿದ. ಕನ್ನಡ ನಾಡಿನವರಿಗೆ ಸಮುದ್ರ ಕಾಳಗ ಹೊಸದಲ್ಲ, ಕಣ್ಣಿಗೆ ಕಂಡದ್ದು ಕಡಿಮೆ ಅಷ್ಟೆ.

ಇನ್ನು ಚಲನಚಿತ್ರದ ಮಾತು. ಬೆಟಗೇರಿಯಲ್ಲಿ ಹಗಲು ಮಗ್ಗದ ಮುಂದೆ ಕೂತವನೇ ರಾತ್ರಿ ದೊಡ್ಡಾಟದಲ್ಲಿ ದುರ್ಯೋಧನನ ಸೋಗು ಹಾಕಿ ಬರುತ್ತಾನೆ. ನೋಡುವವರಿಗೆ ಅವನಾರೆಂದು ಗೊತ್ತು, ಆದರೂ ನಂಬುತ್ತಾರೆ. ಸಮುದ್ರ ಯುದ್ಧದ ಚಿತ್ರಗಳಲ್ಲಿ ಹಡಗುಗಳೇ ಹೀಗೆ ಸೋಗು ಹಾಕುತ್ತವೆ. ಮುಳುಗಿದ ಹಡಗು ನಟಿಸಲು ಬರುವುದಿಲ್ಲವಲ್ಲ! ತೆರೆಯ ಮೇಲೆ ಹಡಗೊಂದು ಕಂಡಾಗ, ಇದು ಯಾರ ಸೋಗಿನಲ್ಲಿರುವ ಯಾವ ಹಡಗು ಎಂದು ಕೇಳಿಕೊಳ್ಳಿ. ಈ ಒಂದು ಪ್ರಶ್ನೆ ಹಿಡಿದು ಹೊರಟರೆ ಸಿನಿಮಾ ನೋಡುತ್ತಲೇ ಇತಿಹಾಸ ಓದಿದ ಹಾಗಾಗುತ್ತದೆ.

ಮೊದಲು ನೋಡಬೇಕಾದದ್ದು 1956ರ ‘ದಿ ಬ್ಯಾಟಲ್ ಆಫ್ ದಿ ರಿವರ್ ಪ್ಲೇಟ್’. ನಿರ್ದೇಶಕರು ಮೈಕೇಲ್ ಪೊವೆಲ್ ಮತ್ತು ಎಮೆರಿಕ್ ಪ್ರೆಸ್‌ಬರ್ಗರ್. 1939ರ ಡಿಸೆಂಬರ್ 13ರಂದು ದಕ್ಷಿಣ ಅಮೆರಿಕದ ಪ್ಲೇಟ್ ನದಿಯ ಮುಖದ ಆಚೆ ಜರ್ಮನಿಯ ‘ಗ್ರಾಫ್ ಸ್ಪೀ’ ನೌಕೆಯನ್ನು ಎಕ್ಸೆಟರ್, ಏಜಾಕ್ಸ್, ಅಕಿಲೀಸ್ ಎಂಬ ಮೂರು ಕ್ರೂಸರುಗಳು ಎದುರಿಸಿದವು. ಗ್ರಾಫ್ ಸ್ಪೀಯ ಫಿರಂಗಿಗಳು 11 ಅಂಗುಲದವು. ಏಜಾಕ್ಸ್, ಅಕಿಲೀಸ್‌ಗಳದ್ದು ಕೇವಲ 6 ಅಂಗುಲ. ಆದರೂ ಏಟು ತಿಂದ ಗ್ರಾಫ್ ಸ್ಪೀ ಉರುಗ್ವೆಯ ಮಾಂಟೆವಿಡಿಯೊ ಬಂದರು ಹೊಕ್ಕಿತು. ಹೊರಗೆ ದೊಡ್ಡ ಪಡೆ ಕಾದಿದೆಯೆಂದು ನಂಬಿದ ಕ್ಯಾಪ್ಟನ್ ಲಾಂಗ್ಸ್‌ಡಾರ್ಫ್ ಡಿಸೆಂಬರ್ 17ರಂದು ತನ್ನ ಹಡಗನ್ನು ತಾನೇ ಸ್ಫೋಟಿಸಿ ಮುಳುಗಿಸಿದ. ಕೆಲವೇ ದಿನಗಳಲ್ಲಿ ಗುಂಡು ಹಾರಿಸಿಕೊಂಡು ಸತ್ತ.

ಈಗ ಸೋಗುಗಳನ್ನು ನೋಡಿ. ಗ್ರಾಫ್ ಸ್ಪೀಯ ಪಾತ್ರ ವಹಿಸಿದ್ದು ಅಮೆರಿಕದ ಕ್ರೂಸರ್ ‘ಸೇಲಂ’. ಗ್ರಾಫ್ ಸ್ಪೀಗೆ ಎರಡು ಫಿರಂಗಿ ಗೋಪುರ, ಸೇಲಂಗೆ ಮೂರು. ಎಣಿಸಿದರೆ ಸಾಕು, ಸೋಗು ಬಯಲಾಗುತ್ತದೆ. ಏಜಾಕ್ಸ್ ಆಗಿ ಬಂದದ್ದು ‘ಶೆಫೀಲ್ಡ್’, ಎಕ್ಸೆಟರ್ ಆಗಿ ‘ಜಮೈಕಾ’. ಅಕಿಲೀಸ್ ಮಾತ್ರ ಅಕಿಲೀಸೇ. 1939ರಲ್ಲಿ ಅಲ್ಲಿ ಗುಂಡಿನ ಮಳೆಯಲ್ಲಿ ನಿಂತ ಅದೇ ಹಡಗು ತನ್ನ ಪಾತ್ರವನ್ನು ತಾನೇ ಮಾಡಿದೆ. ಆದರೆ ಚಿತ್ರೀಕರಣದ ಹೊತ್ತಿಗೆ ಅದರ ಹೆಸರು ಐ.ಎನ್.ಎಸ್. ದೆಹಲಿ! 1948ರಲ್ಲಿ ನಮ್ಮ ದೇಶ ಅದನ್ನು ಕೊಂಡಿತ್ತು, ನಡೆಸುತ್ತಿದ್ದವರು ನಮ್ಮ ನೌಕಾಪಡೆಯವರು. ಇನ್ನೊಂದು ಸ್ವಾರಸ್ಯವಿದೆ. ಆ ಕಾಳಗದಲ್ಲಿ ಅಕಿಲೀಸ್‌ನ ಕ್ಯಾಪ್ಟನ್ ಆಗಿದ್ದ ಎಡ್ವರ್ಡ್ ಪ್ಯಾರಿಯೇ 1948ರಿಂದ 1951ರವರೆಗೆ ಭಾರತದ ನೌಕಾಪಡೆಯ ಮುಖ್ಯಸ್ಥರಾಗಿದ್ದರು. 1961ರ ಡಿಸೆಂಬರಿನಲ್ಲಿ ದೀವ್ ವಿಮೋಚನೆಯಲ್ಲಿ ಇದೇ ಹಡಗಿನ ಫಿರಂಗಿಗಳು ಮತ್ತೆ ಗುಡುಗಿದವು. 1978ರಲ್ಲಿ ಅದನ್ನು ಒಡೆದು ಗುಜರಿಗೆ ಹಾಕಲಾಯಿತು. ಒಂದು ಫಿರಂಗಿ ಗೋಪುರವನ್ನು ನ್ಯೂಜಿಲೆಂಡಿಗೆ ಉಡುಗೊರೆಯಾಗಿ ಕಳಿಸಿದೆವು, ಅದು ಆಕ್ಲೆಂಡಿನಲ್ಲಿದೆ. ವೈರಿಯ ಸೋಗು ಹಾಕಿದ ಸೇಲಂ ಇಂದಿಗೂ ಅಮೆರಿಕದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿದೆ. ನಿಜವಾಗಿ ಕಾದಿದ ಹಡಗನ್ನು ಇಡಿಯಾಗಿ ನೋಡಬೇಕಾದರೆ ಈಗ ಸಿನಿಮಾದಲ್ಲೇ ನೋಡಬೇಕು. ಈ ಒಂದು ಕಾರಣಕ್ಕೇ ನಾನು ಆ ಚಿತ್ರವನ್ನು ಮೊದಲಿಗೆ ಇಟ್ಟಿದ್ದೇನೆ, ಕಥೆಯ ದ್ವಿತೀಯಾರ್ಧ ಸ್ವಲ್ಪ ಎಳೆದಂತಾಗಿದ್ದರೂ.

ಹಡಗೇ ಸಿಗದಾಗ ಏನು ಮಾಡುತ್ತಾರೆ? ಮಾದರಿ ಮಾಡಿ ಕೊಳದಲ್ಲಿ ಬಿಡುತ್ತಾರೆ. 1960ರ ‘ಸಿಂಕ್ ದಿ ಬಿಸ್ಮಾರ್ಕ್!’ ಚಿತ್ರದಲ್ಲಿ ಇಂಥ ಮಾದರಿಗಳು ಬಹಳ. ನಾನು ಪದವಿಗೆ ಓದಿದ್ದು ವಿಜ್ಞಾನ, ಹೊಟ್ಟೆಪಾಡಿಗೆ ಕ್ಯಾಮರಾದ ಹಿಂದೆ ನಿಂತವನು. ಆದ್ದರಿಂದ ಇಲ್ಲಿ ತುಸು ನಿಲ್ಲುತ್ತೇನೆ, ಬೇಸರಿಸಬೇಡಿ. ಮಾದರಿಯು ನಿಜ ಹಡಗಿನ 25ರಲ್ಲಿ ಒಂದು ಪಾಲಿದ್ದರೆ ಅದರ ಸುತ್ತಲಿನ ಅಲೆಗಳೂ ಚಿಕ್ಕವು, ಚಿಕ್ಕ ಅಲೆ ಬೇಗ ಏರಿ ಬೇಗ ಇಳಿಯುತ್ತದೆ. ಅದು ದೊಡ್ಡ ಅಲೆಯಂತೆ ನಿಧಾನವಾಗಿ ಕಾಣಬೇಕಾದರೆ ಕ್ಯಾಮರಾವನ್ನು 25ರ ವರ್ಗಮೂಲದಷ್ಟು, ಅಂದರೆ 5 ಪಟ್ಟು ವೇಗವಾಗಿ ಓಡಿಸಬೇಕು: ಸೆಕೆಂಡಿಗೆ 24 ಫ್ರೇಮುಗಳ ಬದಲು 120. ಇಷ್ಟು ಮಾಡಿದರೆ ಅಲೆ ಸರಿಹೋಗುತ್ತದೆ, ಹನಿ ಸರಿಹೋಗುವುದಿಲ್ಲ. ನೀರಿನ ಹನಿಯ ಗಾತ್ರವನ್ನು ಬಹುಮಟ್ಟಿಗೆ ನಿಶ್ಚಯಿಸುವುದು ಮೇಲ್ಮೈ ಎಳೆತ; ಅದು ಮಾದರಿಗೆಂದು ಕಡಿಮೆಯಾಗದು. ಆದ್ದರಿಂದ ತೆರೆಯ ಮೇಲೆ ಗುಂಡು ಬಿದ್ದು ನೀರು ಚಿಮ್ಮಿದಾಗ ಹನಿಗಳು ತೆಂಗಿನಕಾಯಿಯಷ್ಟು ದಪ್ಪ ಕಂಡರೆ ಅದು ಕೊಳದ ನೀರೆಂದು ತಿಳಿಯಿರಿ.

ಆ ಚಿತ್ರದಲ್ಲಿ ನಿಜವಾದದ್ದೂ ಇದೆ. ದೊಡ್ಡ ಫಿರಂಗಿ ಗೋಪುರಗಳ ದೃಶ್ಯಗಳಿಗೆ, ಗುಜರಿಗೆ ಹೋಗಲಿದ್ದ ಬ್ರಿಟನ್ನಿನ ಕೊನೆಯ ಯುದ್ಧನೌಕೆ ‘ವ್ಯಾನ್‌ಗಾರ್ಡ್’ ಬಳಕೆಯಾಯಿತು. ಕಥೆಯೂ ನಿಜ: 1941ರ ಮೇ 24ರಂದು ಬ್ರಿಟನ್ನಿನ ‘ಹುಡ್’ ಸಿಡಿದಾಗ 1,418 ಮಂದಿಯಲ್ಲಿ ಉಳಿದವರು 3, ಮೂರು ದಿನದ ಮೇಲೆ ಬಿಸ್ಮಾರ್ಕ್ ಮುಳುಗಿತು, ಅದರ 2,000ಕ್ಕೂ ಹೆಚ್ಚು ಮಂದಿಯಲ್ಲಿ ಉಳಿದವರು 120ಕ್ಕಿಂತ ಕಡಿಮೆ. ಆದರೆ ದೂರವನ್ನು ಮಾತ್ರ ಯಾವ ಚಿತ್ರವೂ ಸರಿಯಾಗಿ ತೋರಿಸಲಾರದು. ಈ ಹಡಗುಗಳು ಒಂದರ ಮೇಲೊಂದು ಗುಂಡು ಹಾರಿಸಲು ತೊಡಗಿದ್ದು 20 ಕಿಲೋಮೀಟರಿನ ಆಸುಪಾಸಿನಿಂದ. ಗದಗಿನ ಭೀಷ್ಮ ಕೆರೆಯ ದಂಡೆಯಲ್ಲಿ ಒಬ್ಬ, ಸೊರಟೂರಿನ ಆಸುಪಾಸಿನಲ್ಲಿ ಇನ್ನೊಬ್ಬ ನಿಂತು ಕಾದಿದಂತೆ. ಹಾರಿಸಿದ ಗುಂಡು ಬೀಳಲು ಅರ್ಧ ನಿಮಿಷಕ್ಕೂ ಮಿಕ್ಕಿ ಕಾಯಬೇಕು. ಎರಡು ಹಡಗುಗಳನ್ನು ಒಂದೇ ಚೌಕಟ್ಟಿನಲ್ಲಿ ಹತ್ತಿರ ತಂದು ನಿಲ್ಲಿಸಿದ ನಿರ್ದೇಶಕ ಸುಳ್ಳು ಹೇಳುತ್ತಿದ್ದಾನೆ. ನಮಗೆ ನೋಡಲು ಬೇಕಲ್ಲ ಎಂದು ಕ್ಷಮಿಸೋಣ.

ಕ್ಷಮಿಸಲು ಕಷ್ಟವಾದ ಪ್ರಶ್ನೆಯನ್ನು ಎತ್ತುವುದು 1953ರ ‘ದಿ ಕ್ರೂಯಲ್ ಸೀ’. ಅಟ್ಲಾಂಟಿಕ್ ಸಾಗರದಲ್ಲಿ ಸರಕು ಹಡಗುಗಳಿಗೆ ಕಾವಲಾಗಿ ಹೋಗುವ ಪುಟ್ಟ ನೌಕೆಯ ಕಥೆಯಿದು. ಮುಳುಗಿದ ಹಡಗಿನವರು ನೀರಿನಲ್ಲಿ ಈಜುತ್ತ ಕೈಬೀಸುತ್ತಿದ್ದಾರೆ. ಅದೇ ಹೊತ್ತಿಗೆ ಸೋನಾರ್ ಯಂತ್ರ, ಅವರ ಕೆಳಗೇ ಜಲಾಂತರ್ಗಾಮಿ ಇದೆಯೆನ್ನುತ್ತದೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಕಳಿಸಿದ ನಾದ ಎರಡು ಸೆಕೆಂಡಿಗೆ ಮರಳಿದರೆ ವಸ್ತು 1,500 ಮೀಟರ್ ದೂರ. ಯಂತ್ರ ಹೇಳುವುದು ಅಷ್ಟೆ. ಮರಳಿ ಬಂದದ್ದು ಉಕ್ಕಿನ ಪ್ರತಿಧ್ವನಿಯೋ, ಮುಳುಗಿದ ಹಡಗಿನ ಅವಶೇಷದ್ದೋ ಎಂದು ಮನುಷ್ಯನೇ ಊಹಿಸಬೇಕು. ಕ್ಯಾಪ್ಟನ್ ನೀರೊಳಗೆ ಸಿಡಿಯುವ ಸ್ಫೋಟಕಗಳನ್ನು ಬಿಡಬೇಕೇ, ಬೇಡವೇ? ಅವನು ಏನು ಮಾಡಿದನೆಂದು ನಾನು ಹೇಳುವುದಿಲ್ಲ. ನೋಡಿದ ಮೇಲೆ ಹಾಸ್ಟೆಲಿನಲ್ಲಿ ನೀವು ಜಗಳವಾಡದೆ ಮಲಗಿದರೆ ಆಶ್ಚರ್ಯ.

ಈ ಚಿತ್ರ ನೋಡುವಾಗ ಐ.ಎನ್.ಎಸ್. ಖುಕ್ರಿ ನೆನಪಿರಲಿ. 1971ರ ಡಿಸೆಂಬರ್ 9ರ ರಾತ್ರಿ ದೀವ್ ತೀರದಾಚೆ ಪಾಕಿಸ್ತಾನದ ಜಲಾಂತರ್ಗಾಮಿ ‘ಹಂಗೋರ್’ ಬಿಟ್ಟ ಟಾರ್ಪೆಡೊ ಅದನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ತಮ್ಮವರನ್ನು ಹಡಗು ಬಿಡಿಸಲು ಯತ್ನಿಸಿ ತಾವು ಅದರಲ್ಲೇ ಉಳಿದರು. ಮರಣೋತ್ತರವಾಗಿ ಮಹಾವೀರ ಚಕ್ರ ಬಂತು.

ಜಲಾಂತರ್ಗಾಮಿಯ ಒಳಗಿನವರ ಪಾಡು ಬೇಕೆಂದರೆ 1981ರ ಜರ್ಮನ್ ಚಿತ್ರ ‘ದಾಸ್ ಬೂಟ್’. ವುಲ್ಫ್‌ಗಾಂಗ್ ಪೀಟರ್ಸನ್ ನಿರ್ದೇಶನ. ಇಕ್ಕಟ್ಟಿನ ಕೊಳವೆಯಂಥ ಸೆಟ್ಟಿನೊಳಗೆ ಛಾಯಾಗ್ರಾಹಕ ಯೋಸ್ಟ್ ವಕಾನೊ ಕೈಯಲ್ಲಿ ಕ್ಯಾಮರಾ ಹಿಡಿದು ಓಡಿದ್ದಾನೆ. ಬಿಸಿಲು ಕಾಣದವರ ಮುಖದಂತೆ ಬಿಳಿಚಿಕೊಳ್ಳಲೆಂದು ನಟರನ್ನು ಬಿಸಿಲಿನಿಂದ ದೂರವಿಟ್ಟಿದ್ದರು. ಇಲ್ಲಿ ‘ವೈರಿ’ ಎಂದು ನಾವು ಓದಿದವರೇ ಹೆದರಿ ಬೆವರುವ ಹುಡುಗರು. ನನ್ನ ಮಟ್ಟಿಗೆ ಈ ಪಟ್ಟಿಯಲ್ಲಿ ಇದೇ ಶ್ರೇಷ್ಠ. ಸಮಯವಿದ್ದರೆ ಪರ್ಲ್ ಹಾರ್ಬರ್ ದಾಳಿಯನ್ನು ಎರಡೂ ಪಕ್ಷದಿಂದ ತೋರಿಸುವ ‘ಟೋರಾ! ಟೋರಾ! ಟೋರಾ!’ (1970) ಕೂಡ ನೋಡಿ. ಅಲ್ಲಿ ಜಪಾನಿ ವಿಮಾನವಾಹಕದ ಸೋಗಿನಲ್ಲಿ ಬರುವುದು ಅಮೆರಿಕದ್ದೇ ಆದ ‘ಯಾರ್ಕ್‌ಟೌನ್’.

ನಿಮ್ಮಲ್ಲಿ ಹಲವರು ಈಗಾಗಲೇ ನೋಡಿರುವುದು 2017ರ ‘ಘಾಜಿ’, ಸಂಕಲ್ಪ ರೆಡ್ಡಿಯವರದು. ತಂತ್ರದಲ್ಲಿ ಅಚ್ಚುಕಟ್ಟಾದ ಚಿತ್ರ. ಅದರಲ್ಲಿ ಭಾರತದ ಜಲಾಂತರ್ಗಾಮಿಯೊಂದು ಪಾಕಿಸ್ತಾನದ ‘ಘಾಜಿ’ಯನ್ನು ನೀರೊಳಗೇ ಎದುರಿಸುತ್ತದೆ. ಆದರೆ ದಾಖಲೆ ಬೇರೆ. 1971ರ ಡಿಸೆಂಬರ್ 3-4ರ ರಾತ್ರಿ ವಿಶಾಖಪಟ್ಟಣದ ಹೊರಗೆ ಘಾಜಿ ಮುಳುಗಿದ್ದು ನಿಜ. ಹಳೆಯ ವಿಧ್ವಂಸಕ ನೌಕೆ ಐ.ಎನ್.ಎಸ್. ರಜಪೂತ್ ಬಿಟ್ಟ ಸ್ಫೋಟಕಗಳಿಂದ ಎಂದು ನಮ್ಮ ನೌಕಾಪಡೆ ಹೇಳುತ್ತದೆ. ಅದು ತಾನೇ ಹಾಕುತ್ತಿದ್ದ ಸಿಡಿಮದ್ದಿನಿಂದ ಎಂದು ಪಾಕಿಸ್ತಾನ. ಘಾಜಿ ಬಂದದ್ದು ವಿಮಾನವಾಹಕ ‘ವಿಕ್ರಾಂತ್’ ಅನ್ನು ಹುಡುಕಿ. ವಿಕ್ರಾಂತ್ ಆಗ ಇದ್ದದ್ದು ದೂರದ ಅಂಡಮಾನಿನ ಕಡೆ. ಅದು ವಿಶಾಖಪಟ್ಟಣದ ಬಳಿಯೇ ಇದೆಯೆಂದು ವೈರಿ ನಂಬಲೆಂದು ಪೂರ್ವ ವಲಯದ ಮುಖ್ಯಸ್ಥ ವೈಸ್ ಅಡ್ಮಿರಲ್ ಎನ್. ಕೃಷ್ಣನ್ ಇದೇ ರಜಪೂತ್‌ನಿಂದ ವಿಕ್ರಾಂತ್‌ನ ಹೆಸರಿನಲ್ಲಿ ನಿಸ್ತಂತು ಸಂದೇಶಗಳನ್ನು ಕಳಿಸಿದರೆಂದು ತಾವೇ ಬರೆದಿದ್ದಾರೆ. ಅಂದರೆ ಸಿನಿಮಾದವರಿಗಿಂತ ಮೊದಲೇ, ನಿಜ ಯುದ್ಧದಲ್ಲೇ, ಒಂದು ಮುದಿ ಹಡಗು ಇನ್ನೊಂದರ ಸೋಗು ಹಾಕಿತ್ತು. ಬರೆದ ಕಥೆಗಿಂತ ಇದು ದೊಡ್ಡ ಕಥೆ ಎಂದು ನನ್ನ ಅಭಿಪ್ರಾಯ. ಕಲ್ಪಿತ ಜಲಾಂತರ್ಗಾಮಿಗೆ ಚಪ್ಪಾಳೆ ತಟ್ಟಿ ರಜಪೂತ್‌ನ ಹೆಸರನ್ನೇ ತಿಳಿಯದೆ ಹೊರಬಂದರೆ, ಅದರಲ್ಲಿ ನಿಂತವರಿಗೂ, ಘಾಜಿಯೊಡನೆ ಮುಳುಗಿದ 90ಕ್ಕೂ ಹೆಚ್ಚು ಮಂದಿಗೂ ನಾವು ಅನ್ಯಾಯ ಮಾಡಿದಂತೆ.

ನಮ್ಮದೇ ತೀರದ ಕಾಳಗಕ್ಕೆ ಇಂಥ ಹೆಸರಾಂತ ಚಿತ್ರವಿಲ್ಲ. ಕಾರವಾರದ ಬಳಿಯ ಅಂಜದೀವ್ ದ್ವೀಪ ಪೋರ್ಚುಗೀಸರ ಕೈಯಲ್ಲಿತ್ತು. 1961ರ ನವೆಂಬರಿನಲ್ಲಿ ಅಲ್ಲಿಂದ ‘ಸಾಬರಮತಿ’ ಎಂಬ ಪ್ರಯಾಣಿಕ ಹಡಗಿನ ಮೇಲೂ ಮೀನುಗಾರರ ಮೇಲೂ ಗುಂಡು ಹಾರಿತು. ಡಿಸೆಂಬರ್ 18ರಂದು ಐ.ಎನ್.ಎಸ್. ಮೈಸೂರು, ಐ.ಎನ್.ಎಸ್. ತ್ರಿಶೂಲ್ ನೌಕೆಗಳ ನಾವಿಕರು ದ್ವೀಪಕ್ಕೆ ಇಳಿದರು. 7 ಮಂದಿ ಹುತಾತ್ಮರಾದರು. ಗಂಡಭೇರುಂಡದ ಲಾಂಛನ ಹೊತ್ತ ‘ಮೈಸೂರು’ ಕೂಡ ಮೊದಲು ಬ್ರಿಟನ್ನಿನ ‘ನೈಜೀರಿಯಾ’ ಆಗಿತ್ತು. ಅದೇ ದಿನ ಪೋರ್ಚುಗೀಸರ ‘ಅಫೊನ್ಸೊ ದ ಅಲ್ಬುಕರ್ಕ್’ ನೌಕೆ ನಮ್ಮ ನೌಕೆಗಳೊಡನೆ ಕಾದಿ ಸೋತದ್ದು ಮುರ್ಮುಗೋವಾ ಬಂದರಿನಲ್ಲಿ. ಗದಗ ಜಂಕ್ಷನ್ನಿನಿಂದ ಹುಬ್ಬಳ್ಳಿ, ಲೋಂಡಾ, ಕ್ಯಾಸಲ್‌ರಾಕ್ ದಾಟಿ ಹೋಗುವ ರೈಲು ದಾರಿ ಮುಗಿಯುವುದು ಆ ಬಂದರಿನಲ್ಲೇ.

ಅಂಜದೀವ್ ಈಗ ನೌಕಾನೆಲೆಯ ಭಾಗ, ನಮಗೆ ನಿಮಗೆ ಪ್ರವೇಶವಿಲ್ಲ. ಆದರೆ ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ಮೇಲೆ ಕಾರವಾರಕ್ಕೆ ಕಾಲೇಜಿನ ಪ್ರವಾಸ ಹೋದಾಗ ಟಾಗೋರ್ ಕಡಲತೀರದ ‘ಚಪಲ್’ ಎಂಬ ಕ್ಷಿಪಣಿ ದೋಣಿಯನ್ನು ನೋಡಿ. 2006ರಿಂದ ಅಲ್ಲಿ ವಸ್ತುಸಂಗ್ರಹಾಲಯವಾಗಿದೆ. 1971ರಲ್ಲಿ ಕರಾಚಿಯ ಮೇಲೆ ದಾಳಿ ಮಾಡಿದ್ದು ಇದೇ ದೋಣಿಯೆಂದು ಅಲ್ಲಿ ಯಾರಾದರೂ ಹೇಳಿಯಾರು. ಡಿಸೆಂಬರ್ 4ರ ರಾತ್ರಿ ಕರಾಚಿಗೆ ಹೋದವು ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ದೋಣಿಗಳು. ಚಪಲ್ ನೌಕಾಪಡೆಗೆ ಸೇರಿದ್ದು 1976ರಲ್ಲಿ.