ಹಾಡು ಒಳಬರುವ ಕಿಂಡಿ

ನಮ್ಮ ಹಳೆಯ ಕಾರಿಗೆ ಆಗದ ರಿಪೇರಿಯಿಲ್ಲ. ಕ್ಲಚ್ಚು, ಬ್ರೇಕು, ರೇಡಿಯೇಟರು ಎಂದು ಸುರಿದ ದುಡ್ಡಿನ ಲೆಕ್ಕವೆಲ್ಲ ನಮ್ಮ ಯಜಮಾನರ ಡೈರಿಯಲ್ಲಿ ಭದ್ರವಾಗಿದೆ. ಆ ಡೈರಿಗೆ ಸೇರದ ಖರ್ಚು ಒಂದೇ ಒಂದು. ಅದು ನನ್ನ ಸಾಸಿವೆ ಡಬ್ಬಿಯಿಂದ ಹೋದದ್ದು. ಆ ದುಡ್ಡಿನಲ್ಲಿ ನಾನು ಕಾರಿಗೆ ಮಾಡಿಸಿದ್ದು ಕಾಳುಮೆಣಸೂ ತೂರದಷ್ಟು ಚಿಕ್ಕದೊಂದು ತೂತು!

2008ರಲ್ಲಿ ಆ ಕಾರನ್ನು ನಾವು ಸೆಕೆಂಡ್ ಹ್ಯಾಂಡ್ ಆಗಿ ಕೊಂಡಾಗ ಕಂಪನಿಯವರೇ ಕೂರಿಸಿದ ಸ್ಟೀರಿಯೋ ಅದರಲ್ಲಿತ್ತು. ರೇಡಿಯೋ ಬರುತ್ತಿತ್ತು, ಕ್ಯಾಸೆಟ್ ಹಾಡುತ್ತಿತ್ತು, ಅಷ್ಟೆ. ನನ್ನ ಬಳಿ ಅಮ್ಮನ ಒಂದು ಕ್ಯಾಸೆಟ್ ಇತ್ತು. 1989ರಲ್ಲಿ ಅಣ್ಣನ ಮದುವೆಯ ಹಿಂದಿನ ರಾತ್ರಿ, ಸಾಗರದ ಹತ್ತಿರದ ನಮ್ಮೂರಿನ ಜಗಲಿಯಲ್ಲಿ ಕೂತು ಅಮ್ಮ ಮತ್ತು ಚಿಕ್ಕಮ್ಮ ಹಸೆಗೆ ಕರೆಯುವ ಹಾಡು ಹೇಳಿದ್ದರು. ಯಾರೋ ಟೇಪ್‌ರೆಕಾರ್ಡರಿನ ಗುಂಡಿ ಒತ್ತಿದ್ದರು. ಅಮ್ಮ ಹೋದ ಮೇಲೆ ಅವಳ ದನಿ ಎಂದು ನನಗೆ ಉಳಿದದ್ದು ಅದೊಂದೇ. ಒಂದು ದಿನ ಕಾರಿನ ಸ್ಟೀರಿಯೋ ಅದನ್ನು ಕಚ್ಚಿಕೊಂಡು ರೀಲನ್ನೆಲ್ಲ ಒಳಕ್ಕೆಳೆದುಕೊಂಡಿತು. ಪೆನ್ಸಿಲ್ ತೂರಿಸಿ ಸುತ್ತಿ ಸುತ್ತಿ ಹೇಗೋ ಉಳಿಸಿಕೊಂಡೆ. ಅಣ್ಣನ ಮಗ ಅದನ್ನು ಕಂಪ್ಯೂಟರಿಗೆ ಹಾಕಿ, ಅಲ್ಲಿಂದ ನನ್ನ ಮೊಬೈಲಿಗೆ ತುಂಬಿಕೊಟ್ಟ. ಅಮ್ಮ ಈಗ ಕ್ಷೇಮ. ಆದರೆ ಮೊಬೈಲಿನಲ್ಲಿರುವ ಅಮ್ಮನಿಗೆ ಕಾರಿನ ಸ್ಪೀಕರಿಗೆ ಬರಲು ದಾರಿಯೇ ಇರಲಿಲ್ಲ.

ಈ ದಾರಿಯನ್ನು ಹುಡುಕುತ್ತ ಹೋದಾಗಲೇ ನನಗೆ ಕಾರಿನೊಳಗೆ ಹಾಡು ಬಂದ ಕಥೆ ಸಿಕ್ಕಿದ್ದು. 1930ರಲ್ಲಿ ಅಮೆರಿಕದ ಷಿಕಾಗೋದ ಪಾಲ್ ಗಾಲ್ವಿನ್ ಎಂಬಾತ ಕಾರಿಗೆಂದೇ ಒಂದು ರೇಡಿಯೋ ಮಾಡಿ ಅದಕ್ಕೆ ‘ಮೊಟೊರೋಲಾ’ ಎಂದು ಹೆಸರಿಟ್ಟ. ಎಂಜಿನ್ನಿನ ಕಿಡಿಯ ಗರಗರ ಸದ್ದಿನ ನಡುವೆ ಸಂಗೀತ ಕೇಳಿಸುವುದೇ ಆಗ ದೊಡ್ಡ ಸಾಹಸ. 1932ರಲ್ಲಿ ಜರ್ಮನಿಯ ಬ್ಲಾಪುಂಕ್ಟ್ ಕಂಪನಿ ತಂದ ಕಾರ್ ರೇಡಿಯೋ ಸುಮಾರು 15 ಕಿಲೋ ತೂಗುತ್ತಿತ್ತಂತೆ. ನಮ್ಮಲ್ಲಿ ಅರೆಯುವ ಕಲ್ಲನ್ನು ಕಾರಿಗೆ ಹೊರಿಸಿದ ಹಾಗೆ!

ರೇಡಿಯೋದಲ್ಲಿ ಅವರು ಹಾಕಿದ್ದನ್ನು ನಾವು ಕೇಳಬೇಕು. ನಮಗೆ ಬೇಕಾದ್ದನ್ನು ಕೇಳುವುದು ಹೇಗೆ? 1956ರ ಮಾಡೆಲ್ಲಿನ ಕಾರುಗಳಿಗೆಂದು ಕ್ರೈಸ್ಲರ್ ಕಂಪನಿ ಡ್ಯಾಶ್‌ಬೋರ್ಡಿನ ಕೆಳಗೆ ಗ್ರಾಮಫೋನನ್ನೇ ಕೂರಿಸಿತು. ಅದು ತಿರುಗುವ ವೇಗವೇ ಬೇರೆ, ಅದಕ್ಕೆ ಬೇಕಾದ ಏಳು ಅಂಗುಲದ ತಟ್ಟೆಗಳೇ ಬೇರೆ. ಮನೆಯಲ್ಲಿದ್ದ ನಿಮ್ಮ ಪ್ರೀತಿಯ ತಟ್ಟೆಯನ್ನು ಅದರ ಮೇಲೆ ಇಡುವ ಹಾಗಿಲ್ಲ. ಕಂಪನಿಯವರು ಆರಿಸಿದ ಕೆಲವೇ ತಟ್ಟೆಗಳನ್ನು ಕೊಂಡು ಅವನ್ನೇ ಕೇಳಬೇಕು. ಯಾರಿಗೆ ಬೇಕು ಹೇಳಿ? ಕೆಲವೇ ವರ್ಷಗಳಲ್ಲಿ ಅದು ಮೂಲೆ ಸೇರಿತು.

ಈ ಕಷ್ಟವನ್ನು ನೀಗಿದ್ದು 1963ರಲ್ಲಿ ಫಿಲಿಪ್ಸ್ ಕಂಪನಿ ಹೊರತಂದ ಪುಟ್ಟ ಕ್ಯಾಸೆಟ್. ಕೇಳುವುದಷ್ಟೇ ಅಲ್ಲ, ನಾವೇ ಹಾಡಿ ತುಂಬಲೂಬಹುದಾಗಿತ್ತು. ಈ ಪೆಟ್ಟಿಗೆ ಕನ್ನಡಕ್ಕೆ ಮಾಡಿದ ಉಪಕಾರ ಸಣ್ಣದಲ್ಲ. 1978ರಲ್ಲಿ ಬಂದ ನಿಸಾರ್ ಅಹಮದರ ‘ನಿತ್ಯೋತ್ಸವ’ ಕ್ಯಾಸೆಟ್ ಭಾವಗೀತೆಗಳನ್ನು ಮನೆಮನೆಯ ಅಡುಗೆಮನೆಗೆ ತಂದಿತು. ಹಾಗೆಯೇ ಹೆಸರಿಲ್ಲದ ಸಾವಿರಾರು ಹೆಂಗಸರ ಸೋಬಾನೆ, ಜೋಗುಳ, ಹಸೆ ಹಾಡುಗಳು ಮದುವೆ ಮನೆಗಳಲ್ಲಿ ರೀಲು ಸೇರಿದವು. ಅವನ್ನು ಅಂಗಡಿಯಲ್ಲಿ ಕೊಳ್ಳಲಾಗದು. ಕಳೆದರೆ ಕಳೆದೇ ಹೋದಂತೆ.

1979ರಲ್ಲಿ ಸೋನಿಯವರ ವಾಕ್‌ಮನ್ ಬಂತು. 2001ರಲ್ಲಿ ಆಪಲ್‌ನವರ ಐಪಾಡ್ ಬಂತು. ಹಾಡು ಜೇಬಿಗಿಳಿಯಿತು. ಆದರೆ ಕಾರು? ಕಾರು ಒಮ್ಮೆ ಮನೆಗೆ ಬಂದರೆ ಹತ್ತು ಹದಿನೈದು ವರ್ಷ ಇರುವ ಹಿರಿಯ. ಹಾಡಿನ ಯಂತ್ರಗಳೋ ಮೂರು ನಾಲ್ಕು ವರ್ಷಕ್ಕೆ ಬದಲಾಗುವ ಹುಡುಗರು. ಅವರಿಬ್ಬರಿಗೂ ಮಾತು ಹೊಂದುವುದಿಲ್ಲ. ಕಾರಿನ ಕಂಪನಿಗಳು ‘ಆಕ್ಸ್’ ಎಂಬ ತೂತನ್ನು ತಾವೇ ಇಟ್ಟು ಕಳಿಸುವಷ್ಟರಲ್ಲಿ ನಮ್ಮದರಂಥ ಲಕ್ಷಾಂತರ ಕಾರುಗಳು ರಸ್ತೆಯಲ್ಲಿದ್ದವು. ಅದಕ್ಕಾಗಿಯೇ ದೇಶದೇಶಗಳಲ್ಲಿ ಜನ ತಮ್ಮ ಸ್ಟೀರಿಯೋವನ್ನು ತಾವೇ ಬಿಚ್ಚಿ ಕೂತರು.

ನಾನು ಮೊದಲು ಹಿಡಿದದ್ದು ಅಡ್ಡದಾರಿ. ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸುವ, ಪುಟ್ಟ ರೇಡಿಯೋ ಕೇಂದ್ರದಂತೆ ಕೆಲಸ ಮಾಡುವ ಒಂದು ಕಡ್ಡಿ ತಂದೆ. ಅಮ್ಮ ಹಾಡುತ್ತಿದ್ದಾಳೆ ಎನ್ನುವಾಗಲೇ ಯಾವುದೋ ಕೇಂದ್ರ ನಡುವೆ ನುಗ್ಗಿ ಅಡಿಕೆ ಧಾರಣೆ ಹೇಳಿತು. ಆಮೇಲೆ ಬಾಲದಂತೆ ವೈರು ಇಳಿಬಿದ್ದ ಕ್ಯಾಸೆಟ್ ತಂದೆ. ಅದರಲ್ಲಿ ರೀಲಿಲ್ಲ. ಮೊಬೈಲಿನ ಹಾಡನ್ನು ಅಯಸ್ಕಾಂತದ ಅಲೆಯಾಗಿಸಿ ಸ್ಟೀರಿಯೋದ ಹೆಡ್ಡಿಗೆ ಮುಟ್ಟಿಸುವ ಜಾಣತನವಿದೆ. ಆದರೆ ಒಳಗಿನ ಹಲ್ಲುಚಕ್ರಗಳ ಕಿರಕಿರ ಅಮ್ಮನಿಗೆ ಪಕ್ಕವಾದ್ಯವಾಯಿತು.

ಕೊನೆಗೆ ಶಿವಮೊಗ್ಗದ ಒಂದು ಗಲ್ಲಿಯ ರೇಡಿಯೋ ರಿಪೇರಿ ಅಂಗಡಿಗೆ ಹೋದೆವು. ‘ಬೇರೆ ಸ್ಟೀರಿಯೋ ಹಾಕಿಸಿ ಸಾರ್’ ಎಂದಿದ್ದರೆ ಅವರಿಗೇ ಲಾಭ. ಆದರೆ ನಮ್ಮದರ ಮುಖ ಡ್ಯಾಶ್‌ಬೋರ್ಡಿನೊಂದಿಗೇ ಅಚ್ಚು ಹಾಕಿದಂತಿತ್ತು, ಬೇರೆಯದು ಕೂರುತ್ತಿರಲಿಲ್ಲ. ಅವರು ಮೊದಲು ಕೇಳಿದ್ದು, ‘ಅಮ್ಮಾ, ಕೋಡ್ ನಂಬರ್ ಇದೆಯಾ?’ ಕಳ್ಳರ ಭಯಕ್ಕೆ ಇಂಥ ಸ್ಟೀರಿಯೋಗಳಿಗೆ ಬೀಗದ ನಂಬರು ಇಟ್ಟಿರುತ್ತಾರಂತೆ. ಒಮ್ಮೆ ಕರೆಂಟು ತಪ್ಪಿಸಿದರೆ ಆ ನಂಬರು ಒತ್ತುವವರೆಗೆ ಅದು ಬಾಯಿ ಬಿಡುವುದಿಲ್ಲ. ಪುಣ್ಯಕ್ಕೆ ಕಾರಿನ ಪುಸ್ತಕದ ಕೊನೆಯ ಪುಟದಲ್ಲಿ ಹಳೆಯ ಮಾಲೀಕರು ಬರೆದಿಟ್ಟಿದ್ದರು.

ಸ್ಟೀರಿಯೋ ಹೊರಗೆ ಬಂತು. ಕ್ಯಾಸೆಟ್ಟಿನ ದನಿ ವಾಲ್ಯೂಮ್ ಗುಂಡಿಗೆ ಹೋಗುವ ದಾರಿಯನ್ನು ಅವರು ಹುಡುಕಿದರು. ಎಡಕ್ಕೊಂದು, ಬಲಕ್ಕೊಂದು, ಎರಡಕ್ಕೂ ಸೇರಿ ಅರ್ಥಿಗೊಂದು, ಹೀಗೆ ಮೂರೇ ವೈರುಗಳ ವ್ಯವಹಾರ. ಆ ದಾರಿಯನ್ನು ಕತ್ತರಿಸಿ, ನಡುವೆ ಒಂದು ಜ್ಯಾಕನ್ನು ಬೆಸೆದರು. ಪಿನ್ ತೂರಿಸಿದ ಕೂಡಲೇ ಜ್ಯಾಕಿನೊಳಗಿನ ತೆಳು ಪಟ್ಟಿ ಸರಿದು ಕ್ಯಾಸೆಟ್ಟಿನ ದಾರಿ ಕಡಿಯುತ್ತದೆ, ಮೊಬೈಲಿನ ದಾರಿ ಕೂಡುತ್ತದೆ. ಪಿನ್ ತೆಗೆದರೆ ಮತ್ತೆ ಮೊದಲಿನಂತೆ. ಆದರೆ ತನ್ನೊಳಗೆ ಕ್ಯಾಸೆಟ್ ಓಡುತ್ತಿದೆ ಎಂದು ಸ್ಟೀರಿಯೋ ನಂಬಬೇಕಲ್ಲ, ಅದಕ್ಕೊಂದು ಕ್ಯಾಸೆಟ್ ಸುಮ್ಮನೆ ತಿರುಗುತ್ತಿರಬೇಕು. ಯಜಮಾನರು ಯಾವ ಕಾಲದಲ್ಲೋ ತಂದಿಟ್ಟಿದ್ದ ‘ಇಂಗ್ಲಿಷ್ ಕಲಿಯಿರಿ’ ಕ್ಯಾಸೆಟ್ಟಿಗೆ ಹೀಗೆ ಕೊನೆಗೂ ಒಂದು ಉದ್ಯೋಗ ಸಿಕ್ಕಿತು.

‘ತೂತು ಎಲ್ಲಿ ಮಾಡಲಿ?’ ಎಂದರು. ‘ಸ್ಟೀರಿಂಗ್ ಪಕ್ಕ’ ಎಂದರು ಯಜಮಾನರು. ‘ಹಿಂದಿನ ಸೀಟಿಗೆ ಎಟುಕುವ ಹಾಗೆ’ ಎಂದೆ ನಾನು. ಇಷ್ಟು ವರ್ಷ ಕಾರಿನಲ್ಲಿ ಹಾಡು ಯಾವುದೆಂದು ತೀರ್ಮಾನಿಸಿದವರು ಯಾರು ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಚಕ್ರ ಹಿಡಿದವರದೇ ಹಾಡು. ಕೊನೆಗೆ ಹ್ಯಾಂಡ್‌ಬ್ರೇಕಿನ ಹತ್ತಿರ ಎಂದು ರಾಜಿಯಾಯಿತು. ನಾನು ಉದ್ದನೆಯ ವೈರು ಕೇಳಿ ಪಡೆದೆ. ಒಟ್ಟು 250 ರೂಪಾಯಿ. ‘ಚಾರ್ಜಿಗೆ ಹಾಕಿಕೊಂಡು ಹಾಡು ಕೇಳಬೇಡಿ, ಅರ್ಥ್ ಎರಡು ಕಡೆಯಿಂದ ಸೇರಿ ಗುಂಯ್ ಅನ್ನುತ್ತೆ’ ಎಂಬ ಬುದ್ಧಿಮಾತು ಪುಕ್ಕಟೆ.

ಆ ವರ್ಷ ಭೂಮಿ ಹುಣ್ಣಿಮೆಗೆ ಊರಿಗೆ ಹೊರಟಾಗ ಚಿಕ್ಕಮ್ಮನನ್ನೂ ಕರೆದುಕೊಂಡೆವು. ಅಮ್ಮನ ಜೊತೆ ಹಾಡಿದ್ದ ಚಿಕ್ಕಮ್ಮ ಇವರೇ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದು ನಿವೃತ್ತರಾದವರು. ಆಯನೂರು ದಾಟಿದ ಮೇಲೆ ನಾನು ವೈರು ತೆಗೆದೆ. ಚಿಕ್ಕಮ್ಮ ಪಿನ್ನನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿ, ‘ಅಯ್ಯೋ, ಇದು ನಮ್ಮ ಪಿನ್ನೇ ಕಣೇ! ಎಷ್ಟು ಸಣ್ಣಗಾಗಿದೆ ಪಾಪ’ ಎಂದರು.

ಅವರ ಮಾತು ಅಕ್ಷರಶಃ ನಿಜ. ಈ ಪಿನ್ನು ಹುಟ್ಟಿದ್ದು ಹಾಡಿಗಾಗಿ ಅಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಟೆಲಿಫೋನ್ ಎಕ್ಸ್‌ಚೇಂಜಿನ ಹಲಗೆಯಲ್ಲಿ ಒಂದು ಮನೆಯ ತಂತಿಯನ್ನು ಇನ್ನೊಂದು ಮನೆಗೆ ಕೂಡಿಸಲು ಅದು ಹುಟ್ಟಿತು. ಆಗ ಅದರ ದಪ್ಪ ಕಾಲು ಅಂಗುಲ, ಎಂದರೆ 6 ಮಿಲಿಮೀಟರಿಗೂ ತುಸು ಹೆಚ್ಚು. ಟ್ರಾನ್ಸಿಸ್ಟರ್ ರೇಡಿಯೋಗಳ ಕಾಲಕ್ಕೆ ಅದರದೇ ಮರಿಯಾಗಿ ಬಂದದ್ದು ಈ 3.5 ಮಿಲಿಮೀಟರಿನ ಪಿನ್ನು. ಅದನ್ನು ಹಿಡಿದ ಬೆರಳುಗಳೂ ಬಹುಪಾಲು ಹೆಂಗಸರವೇ. 1878ರ ಸೆಪ್ಟೆಂಬರ್ 1ರಂದು ಬಾಸ್ಟನ್ನಿನಲ್ಲಿ ಎಮ್ಮಾ ನಟ್ ಎಂಬಾಕೆ ಕೆಲಸಕ್ಕೆ ಸೇರಿದಳು. ಅವಳೇ ಮೊದಲ ಮಹಿಳಾ ಟೆಲಿಫೋನ್ ಆಪರೇಟರ್. ಅದಕ್ಕೂ ಮುಂಚೆ ಆ ಕೆಲಸಕ್ಕಿದ್ದ ಹುಡುಗರು ಗಿರಾಕಿಗಳ ಮೇಲೆ ಹರಿಹಾಯುತ್ತಿದ್ದರಂತೆ! ಲೋಕದ ಮಾತನ್ನೆಲ್ಲ ಕೂಡಿಸುತ್ತ ಕೂತ ಆ ಹೆಂಗಸರು ನಡುವೆ ತಮ್ಮ ಮಾತು ಆಡುವಂತಿರಲಿಲ್ಲ. ನಮ್ಮ ಚಿಕ್ಕಮ್ಮನೂ ಅಷ್ಟೆ, ಟ್ರಂಕ್ ಕಾಲಿನಲ್ಲಿ ಯಾರದೋ ಸಾವು, ಯಾರದೋ ನಿಶ್ಚಿತಾರ್ಥ ಕಿವಿಗೆ ಬಿದ್ದರೂ ಅವರು ಹೇಳಬೇಕಾದದ್ದು ಒಂದೇ: ‘ತ್ರೀ ಮಿನಿಟ್ಸ್ ಓವರ್.’

ಚಿಕ್ಕಮ್ಮನೇ ಪಿನ್ ತೂರಿಸಿದರು. ಮೂವತ್ತು ವರ್ಷದ ಅಭ್ಯಾಸದ ಕೈ, ನೋಡದೆಯೇ ಸರಿಯಾಗಿ ಕೂತಿತು. ಜಗಲಿಯ ಗದ್ದಲ, ಯಾವುದೋ ಮಗುವಿನ ಅಳು, ಆಮೇಲೆ ಅಮ್ಮ. ನಾಲ್ಕೂ ಸ್ಪೀಕರಿನಿಂದ ಅಮ್ಮ. ಯಜಮಾನರು ತಾವಾಗಿಯೇ ಕಾರಿನ ವೇಗ ಇಳಿಸಿದರು. ಅರ್ಧದಲ್ಲಿ ಒಂದು ಕಡೆ ಅಮ್ಮ ತಡವರಿಸುತ್ತಾಳೆ, ಇನ್ನೊಂದು ದನಿ ಸಾಲನ್ನು ಎತ್ತಿಕೊಳ್ಳುತ್ತದೆ. ‘ಇಲ್ಲಿ ಅಕ್ಕ ಮರೆತಿದ್ದಳು. ಮಗನ ಮದುವೆ ಅಲ್ವೇ, ಗಂಟಲು ಕಟ್ಟಿತ್ತು’ ಎಂದರು ಚಿಕ್ಕಮ್ಮ. ಇಪ್ಪತ್ತು ವರ್ಷ ಕೇಳಿದ ನನಗೆ ಅದು ಗೊತ್ತೇ ಇರಲಿಲ್ಲ. ರೀಲು ಸವೆದದ್ದು ಎಂದುಕೊಂಡಿದ್ದೆ.

2016ರಲ್ಲಿ ಆಪಲ್‌ನವರು ತಮ್ಮ ಹೊಸ ಫೋನಿನಿಂದ ಈ ತೂತನ್ನೇ ತೆಗೆದುಹಾಕಿದರು. ಉಳಿದವರಲ್ಲಿ ಹಲವರು ಅದೇ ದಾರಿ ಹಿಡಿದರು. ಈಗ ಹಾಡು ವೈರಿಲ್ಲದೆ ಗಾಳಿಯಲ್ಲೇ ಬರುತ್ತದೆ. ಒಳ್ಳೆಯದೇ. ನನ್ನ ವೈರು ಮಾತ್ರ ಹೊಲಿಗೆ ಡಬ್ಬಿಯಲ್ಲಿ ಸುರುಳಿ ಸುತ್ತಿಕೊಂಡು ಕೂತಿದೆ.

ಅಂದು ಹಾಡು ಮುಗಿದಾಗ ಆನಂದಪುರ ಬಂದಿತ್ತು. ಚಿಕ್ಕಮ್ಮ ಕಣ್ಣು ಮುಚ್ಚಿ ಕೂತಿದ್ದರು. ದಣಿದಿರಬೇಕೆಂದು ನಾನು ಮೆಲ್ಲಗೆ ಪಿನ್ನಿಗೆ ಕೈ ಹಾಕಿದೆ. ಕಣ್ಣು ತೆರೆಯದೆಯೇ ನನ್ನ ಕೈ ಹಿಡಿದುಕೊಂಡರು. ‘ಮೂರು ನಿಮಿಷ ಆಯ್ತು ಅನ್ನೋ ಕೆಲಸ ನಂದು. ನೀನು ತೆಗೀಬೇಡ. ಇನ್ನೊಂದು ಸಲ ಹಾಕು.’