ಕೆರೆಯ ಏರಿ ಮತ್ತು ಅದರ ಪಾಲನೆ

ನಮ್ಮ ನಾಡಿನ ನೀರಾವರಿಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಕೆರೆಗಳನ್ನು ಕಟ್ಟಿಸಿದ ಅರಸರು, ದಂಡನಾಯಕರು ಇವರ ಹೆಸರುಗಳಿಂದಲೇ ಆರಂಭಿಸುವುದು ವಾಡಿಕೆ. ಆದರೆ ಕಟ್ಟಿಸುವುದು ಒಮ್ಮೆ ನಡೆದು ಮುಗಿಯುವ ಕಾರ್ಯ. ಮಣ್ಣಿನ ಏರಿಯನ್ನು ಉಳಿಸಿಕೊಳ್ಳುವುದು ವರ್ಷವರ್ಷವೂ ನಡೆಯಬೇಕಾದ ಕಾರ್ಯ. ಈ ಎರಡನೆಯದರ ಚರಿತ್ರೆಯೇ ಹೆಚ್ಚು ವಿಚಾರಾರ್ಹವೆಂದು ನಾವು ಭಾವಿಸುತ್ತೇವೆ.

ಕೆರೆಯ ನಿರ್ಮಾಣಶಾಸ್ತ್ರವನ್ನು ಕುರಿತ ನಮ್ಮ ಅತ್ಯಮೂಲ್ಯ ಆಧಾರವೆಂದರೆ ವಿಜಯನಗರದ ಒಂದನೆಯ ಬುಕ್ಕರಾಯನ ಮಗನಾದ ಭಾಸ್ಕರನು ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕ್ರಿ.ಶ. ೧೩೬೯ರಲ್ಲಿ ಬರೆಯಿಸಿದ ಸಂಸ್ಕೃತ ಶಾಸನ. ಸಾವಿರ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದುದನ್ನು ಅದು ಹೇಳುತ್ತದೆ. ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಎಣಿಸುತ್ತದೆ. ಏರಿಯಲ್ಲಿ ನೀರು ಜಿನುಗುವುದು, ಚೌಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯ ನಡುವೆ ದಿಬ್ಬ, ನೀರು ಕಡಿಮೆಯಾಗಿ ನೆಲ ಹೆಚ್ಚಾಗಿರುವುದು, ನೆಲ ಕಡಿಮೆಯಾಗಿ ನೀರು ಹೆಚ್ಚಾಗಿರುವುದು—ಇವೇ ಆ ದೋಷಗಳು. ಮೂರನೆಯದು ಮಣ್ಣಿನ ದೋಷವಲ್ಲ, ಮನುಷ್ಯರ ದೋಷ; ಅದನ್ನೂ ಶಾಸ್ತ್ರದೊಳಗೆ ಸೇರಿಸಿದ ಶಾಸನಕಾರನ ಲೋಕಾನುಭವ ಮೆಚ್ಚತಕ್ಕದ್ದು. ಆದರೆ ಜಿನುಗನ್ನು ಬಿಟ್ಟರೆ ಉಳಿದವೆಲ್ಲ ಸ್ಥಳದ ಆಯ್ಕೆಗೆ ಸಂಬಂಧಿಸಿದವು.

ಪಾಲನೆಯ ಸಂಗತಿಗೆ ನಾವು ಹಳ್ಳಿಗಳ ಚಿಕ್ಕ ಕನ್ನಡ ಶಾಸನಗಳನ್ನೇ ನೋಡಬೇಕು. ಬಿತ್ತುವಟ್ಟ, ದಶವಂದ, ಕಟ್ಟುಕೊಡಗೆ, ಕೆರೆಬಂಡಿ ಎಂಬ ಮಾತುಗಳು ಅವುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಕೆರೆಯನ್ನು ಕಟ್ಟಿದವನಿಗೂ ಕಾಯ್ದವನಿಗೂ ಭೂಮಿ ಅಥವಾ ಬೆಳೆಯ ಪಾಲು. ಹೂಳನ್ನು ಸಾಗಿಸುವ ಬಂಡಿಗೂ ದತ್ತಿ. ಏರಿಯ ಆಯುಷ್ಯವು ಅದರ ನೀರಿನಿಂದಲೇ ಬೆಳೆದ ಭತ್ತದ ಮೇಲೆ ನಿಂತಿದ್ದಿತು.

ಇದರ ಅಗತ್ಯವು ಮಣ್ಣಿನ ಸ್ವಭಾವದಿಂದಲೇ ಬಂದುದು. ಕಲ್ಲಿನ ಕಟ್ಟೆಯ ಮೇಲೆ ನೀರು ಹರಿದರೂ ಅದು ನಿಂತೀತು. ಮಣ್ಣಿನ ಏರಿಯ ಮೇಲೆ ಹರಿದರೆ ಕೊರೆದು ಒಡೆಯುತ್ತದೆ. ಆದುದರಿಂದಲೇ ಕೋಡಿಯನ್ನು ಏರಿಗಿಂತ ತಗ್ಗಿನಲ್ಲಿರಿಸುವುದು. ಹೂಳು ತುಂಬಿ ನೀರು ಸಾಲದಾದಾಗ ಅಚ್ಚುಕಟ್ಟಿನ ರೈತರಿಗೆ ಕೋಡಿಯನ್ನು ಎತ್ತರಿಸುವ ಆಸೆ. ಕೆರೆಯಂಗಳದಲ್ಲಿ ಉಳುವವರಿಗೆ ಅದನ್ನು ತಗ್ಗಿಸುವ ಆಸೆ. ಮೊದಲನೆಯದರಿಂದ ಏರಿಗೆ ಅಪಾಯ, ಎರಡನೆಯದರಿಂದ ಬೆಳೆಗೆ. ಮೇಲಣ ಕೆರೆಯ ಕೋಡಿಯ ನೀರೇ ಕೆಳಗಣ ಕೆರೆಗೆ ಆಧಾರವಾಗಿರುವ ನಮ್ಮ ಬಯಲುಸೀಮೆಯಲ್ಲಿ ಒಂದು ಏರಿ ಒಡೆದರೆ ಆ ಸಾಲಿನ ಕೆಳಗಿನ ಕೆರೆಗಳಿಗೂ ಆಪತ್ತು.

ಮೈಸೂರು ಸಂಸ್ಥಾನದ ೨೭,೨೬೯ ಚದರ ಮೈಲಿಗಳಲ್ಲಿ ಸುಮಾರು ನೂರಕ್ಕೆ ಅರವತ್ತು ಭಾಗ ಕೆರೆಗಳ ವ್ಯವಸ್ಥೆಗೆ ಒಳಪಟ್ಟಿದೆಯೆಂದೂ ಅದರೊಳಗೆ ಹೊಸ ಕೆರೆಗೆ ಸ್ಥಳ ಹುಡುಕುವುದೇ ಕಷ್ಟವೆಂದೂ ಹತ್ತೊಂಬತ್ತನೆಯ ಶತಮಾನದಲ್ಲಿ ಇಂಜಿನಿಯರ್ ಸ್ಯಾಂಕಿಯವರು ವರದಿ ಮಾಡಿದ್ದರು. ಹೊಸದಕ್ಕೆ ಎಡೆಯಿಲ್ಲದ ಕಡೆ ಹಳೆಯದರ ದುರಸ್ತಿಯೇ ಮುಖ್ಯ ಪ್ರಶ್ನೆ. ೧೯೧೧ರಲ್ಲಿ ಸಂಸ್ಥಾನವು ಕೆರೆ ಪಂಚಾಯಿತಿಗಳಿಗಾಗಿ ಕಾಯಿದೆಯನ್ನೇ ಮಾಡಿತು. ಹಿಂದೆ ಬಿತ್ತುವಟ್ಟದ ಪಾಲು ಊರಿಗೆ ಹೊರಿಸಿದ್ದ ಹೊಣೆಯನ್ನು ಈಗ ಕಾನೂನಿನ ಮೂಲಕ ಮತ್ತೆ ಊರಿಗೇ ಒಪ್ಪಿಸುವ ಪ್ರಯತ್ನ ಅದಾಗಿದ್ದಿತು. ಹೊಣೆಯೊಡನೆ ಆ ಭತ್ತದ ಪಾಲು ಮಾತ್ರ ಹಿಂದಿರುಗಲಿಲ್ಲ.