ಎಲ್ಲರ ಸಂಗೀತಕ್ಕೆ ಊರಿನ ಬಾನುಲಿ

1935ರ ಸೆಪ್ಟೆಂಬರ್ 10ರಂದು ಮೈಸೂರು ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲೇ ಬಾನುಲಿ ಕೇಂದ್ರ ತೆರೆದರು. ಪ್ರೇಷಕದ ಶಕ್ತಿ ಬರೀ 30 ವ್ಯಾಟ್; ಮುಂದೆ 250 ವ್ಯಾಟಿನದು ಬಂತು. 1942ರಲ್ಲಿ ಮೈಸೂರು ಸಂಸ್ಥಾನ, 1950ರಲ್ಲಿ ಆಲ್ ಇಂಡಿಯಾ ರೇಡಿಯೊ ಅದನ್ನು ವಹಿಸಿಕೊಂಡವು. ಅದರ ‘ಆಕಾಶವಾಣಿ’ ಎಂಬ ಹೆಸರು ಕೊನೆಗೆ ಇಡೀ ದೇಶದ ಬಾನುಲಿಗೆ ಸಂದಿತು. ಹೆಸರಿನ ಹೆಮ್ಮೆಯಲ್ಲೇ ನಾವು ಈ ಕಥೆ ಮುಗಿಸಿಬಿಡುತ್ತೇವೆ. ಅದರಲ್ಲಿ ಇನ್ನೊಂದು ಪಾಠವೂ ಇದೆ. ಸಣ್ಣ ಕೇಂದ್ರವೊಂದು ಶಾಸ್ತ್ರೀಯ ಸಂಗೀತ ಬಿತ್ತರಿಸಲು ಬೇಕಾದದ್ದು ಎರಡೇ: ಯಾರ ಅಪ್ಪಣೆಯೂ ಬೇಡದ ಕೃತಿಗಳು, ಕೂಗಳತೆಯಲ್ಲಿ ಹಾಡುವ ಜನ. ಮೈಸೂರಿನಲ್ಲಿ ಆಗ ವಾಸುದೇವಾಚಾರ್ಯರು, ವೀಣೆ ವೆಂಕಟಗಿರಿಯಪ್ಪ, ಪಿಟೀಲು ಚೌಡಯ್ಯನಂಥವರಿದ್ದರು. ಅಂಥ ಘಟಾನುಘಟಿಗಳಿಲ್ಲದಿದ್ದರೂ, ತುಮಕೂರು ಜಿಲ್ಲೆಯ ಕಿಬ್ಬನಹಳ್ಳಿಯ ಆಸುಪಾಸಿನ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲೂ ಇಂಥ ಬಾನುಲಿ ನಡೆಯಬಲ್ಲದು ಎಂಬುದು ನನ್ನ ವಾದ.

ಮೊದಲು ಕೃತಿಗಳ ಮಾತು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ವಾಗ್ಗೇಯಕಾರ ತೀರಿಕೊಂಡ ಮೇಲೆ 50 ವರ್ಷ ಹಕ್ಕು ಉಳಿಯುತ್ತಿತ್ತು. 1992ರಲ್ಲಿ ಅದು 60 ಆಯಿತು. ದಾಸರ ಪದಗಳಿಗಾಗಲಿ, ತ್ಯಾಗರಾಜ, ದೀಕ್ಷಿತ, ಶ್ಯಾಮಾಶಾಸ್ತ್ರಿಗಳ ಕೃತಿಗಳಿಗಾಗಲಿ ಆ ಪ್ರಶ್ನೆಯೇ ಏಳದು. 1945ರಲ್ಲಿ ತೀರಿಕೊಂಡ ಮುತ್ತಯ್ಯ ಭಾಗವತರು ಚಾಮುಂಡಾಂಬೆಯ ಮೇಲೆ ಕನ್ನಡದಲ್ಲಿ ರಚಿಸಿದ ಕೀರ್ತನೆಗಳು 2006ಕ್ಕೇ ಮುಕ್ತವಾದವು. 1961ರಲ್ಲಿ ತೀರಿಕೊಂಡ ವಾಸುದೇವಾಚಾರ್ಯರ ಕೃತಿಗಳು 2022ರಿಂದ ಎಲ್ಲರವು. ಜಯಚಾಮರಾಜ ಒಡೆಯರ್ ಅವರ ಕೃತಿಗಳಿಗೆ ಮಾತ್ರ 2035ರವರೆಗೆ ಕಾಯಬೇಕು. ಆದರೆ ಕೃತಿ ಮುಕ್ತವಾದ ಮಾತ್ರಕ್ಕೆ ಅದರ ಧ್ವನಿಮುದ್ರಣವೂ ಮುಕ್ತವಲ್ಲ. ಮುದ್ರಣಕ್ಕೆ ಹಕ್ಕೇ ಬೇರೆ: ಹೊರಬಂದ ಮೇಲೆ 60 ವರ್ಷ. 1960ರಲ್ಲಿ ಬಂದ ಗ್ರಾಮಫೋನ್ ತಟ್ಟೆ 2021ರಿಂದ ಮುಕ್ತ. ತ್ಯಾಗರಾಜರದೇ ಕೃತಿಯಾದರೂ 1990ರ ಕ್ಯಾಸೆಟ್ಟಿನಲ್ಲಿರುವುದಕ್ಕೆ ಅನುಮತಿ ಬೇಕೇ ಬೇಕು.

ಹಾಗಾದರೆ ಹಳೆಯ ತಟ್ಟೆಗಳನ್ನೇ ಹಾಕುತ್ತ ಹೋದರಾಯಿತು ಎನ್ನಬಹುದು. ಅವು ಅಮೂಲ್ಯ, ಕೇಳಿಸಲೇಬೇಕು. ಗಾಯಕಿ ಗೌಹರ್ ಜಾನ್ 1902ರಲ್ಲಿ ಕಲ್ಕತ್ತೆಯಲ್ಲಿ ಮೊದಲ ಬಾರಿಗೆ ತಟ್ಟೆಗೆ ಹಾಡಿದರು, 1930ರಲ್ಲಿ ಮೈಸೂರಿನಲ್ಲೇ ಕಣ್ಣು ಮುಚ್ಚಿದರು. ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಹೇಳುವ ಅವರ ದನಿ ಇಂದಿಗೂ ಕೇಳಸಿಗುತ್ತದೆ. ಆದರೆ ನಿಮಿಷಕ್ಕೆ 78 ಸುತ್ತು ಸುತ್ತುವ 10 ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಮೂರು, ಮೂರೂವರೆ ನಿಮಿಷ. ಅಷ್ಟರಲ್ಲಿ ರಾಗದ ಒಂದು ಎಳೆ, ಪಲ್ಲವಿ, ಚರಣ ಎಲ್ಲ ಮುಗಿಯಬೇಕು. ಸಾಲೊಂದನ್ನು ಮತ್ತೆ ಮತ್ತೆ ಬೆಳೆಸುವ ನೆರವಲಿಗೆ ಎಡೆಯಿಲ್ಲ, ಮೃದಂಗದವರ ತನಿಯಾವರ್ತನದ ಮಾತೇ ಇಲ್ಲ. ತಟ್ಟೆ ಕತ್ತರಿಸಿದ ಕಾಲವನ್ನು ಸಂಗೀತಕ್ಕೆ ಮರಳಿ ಕೊಟ್ಟದ್ದು ಬಾನುಲಿಯ ನೇರ ಕಛೇರಿ. ತಟ್ಟೆಗಳನ್ನೇ ನೆಚ್ಚಿಕೊಂಡ ಸಣ್ಣ ಕೇಂದ್ರ ಬಾನುಲಿಯ ಈ ದೊಡ್ಡ ಗುಣವನ್ನೇ ಕಳೆದುಕೊಳ್ಳುತ್ತದೆ.

ಹಳ್ಳಿಯವರಿಗೆ ಶಾಸ್ತ್ರೀಯ ಸಂಗೀತ ರುಚಿಸದು ಎಂಬುದು ಎರಡನೆಯ ಆಕ್ಷೇಪ. 1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಆಲ್ ಇಂಡಿಯಾ ರೇಡಿಯೊದಲ್ಲಿ ಚಿತ್ರಗೀತೆಗಳಿಗೆ ಕಡಿವಾಣ ಹಾಕಿದಾಗ ಕೇಳುಗರು ರೇಡಿಯೊ ಸಿಲೋನಿನ ಕಡೆ ಹೋದರು. ಅವರನ್ನು ಮರಳಿ ಸೆಳೆಯಲು 1957ರಲ್ಲಿ ವಿವಿಧ ಭಾರತಿ ಹುಟ್ಟಬೇಕಾಯಿತು. ನಿಜ, ಆದರೆ ಜನ ತಳ್ಳಿದ್ದು ಬಲವಂತವನ್ನು. ರಾಗವನ್ನು ತಳ್ಳಿದರು ಎನ್ನಲು ಅದು ಸಾಕ್ಷಿಯಾಗದು. ಕಿಬ್ಬನಹಳ್ಳಿಯಿಂದ ತುಮಕೂರಿಗೆ ಹೋಗುವ ದಾರಿಯಲ್ಲೇ ಸಿಗುವ ಗುಬ್ಬಿಯನ್ನು ನೋಡಿ. 1884ರಲ್ಲಿ ಅಲ್ಲಿ ಹುಟ್ಟಿದ ನಾಟಕ ಕಂಪನಿ, ವೀರಣ್ಣನವರ ಕಾಲದಲ್ಲಿ ನಾಡೆಲ್ಲ ಸುತ್ತಿ, ರಾಗದಲ್ಲಿ ಕಟ್ಟಿದ ರಂಗಗೀತೆಗಳನ್ನು ಟಿಕೆಟ್ಟು ಕೊಂಡ ಜನಕ್ಕೆ ರಾತ್ರಿಯಿಡೀ ಕೇಳಿಸಿತು. ಹಾರ್ಮೋನಿಯಂ ಮೇಷ್ಟ್ರುಗಳು ಹಳ್ಳಿಯ ನಾಟಕಗಳಿಗೆ ಕಲಿಸಿದ್ದು, ಭಜನೆ ಮಂಡಳಿಗಳು ಶನಿವಾರ ಸಂಜೆ ಹಾಡುವುದು ಕಲ್ಯಾಣಿ, ಮೋಹನಗಳನ್ನೇ. ರಾಗದ ಹೆಸರು ತಿಳಿಯದವರು ಕಿವಿಯಿಲ್ಲದವರೇನಲ್ಲ.

ಫೋನಿನಲ್ಲಿ ಎಲ್ಲವೂ ಸಿಗುವಾಗ ಬಾನುಲಿ ಏಕೆ ಎಂಬುದು ಕೊನೆಯ ಮತ್ತು ಗಟ್ಟಿಯಾದ ಪ್ರಶ್ನೆ. ಫೋನು ಹೆಸರಾಂತರನ್ನೆಲ್ಲ ತಂದುಕೊಡುತ್ತದೆ; ನಮ್ಮ ಊರಿನಲ್ಲಿ ಕಲಿಯುತ್ತಿರುವ ಹುಡುಗಿಗೆ ಮುಂದಿನ ವಾರ ಹಾಡಬೇಕೆಂಬ ಗಡುವು ಕೊಡುವುದಿಲ್ಲ, ಸಂಭಾವನೆಯನ್ನೂ ಕೊಡುವುದಿಲ್ಲ. ಕಾಯಂ ಕಾರ್ಯಕ್ರಮವಿರುವ ಊರಬಾನುಲಿ ಎರಡನ್ನೂ ಕೊಡಬಲ್ಲದು. 2006ರ ಸಮುದಾಯ ಬಾನುಲಿ ಮಾರ್ಗಸೂಚಿ 100 ವ್ಯಾಟ್ ಪ್ರಸಾರಶಕ್ತಿಗೆ ಅವಕಾಶ ಕೊಟ್ಟು, ಕಾರ್ಯಕ್ರಮಗಳಲ್ಲಿ ಅರ್ಧದಷ್ಟಾದರೂ ಸ್ಥಳೀಯರೊಡನೆ ಸೇರಿ ತಯಾರಾಗಬೇಕು ಎಂದಿತು. ಅರ್ಜಿ ಹಾಕಬಲ್ಲವರಲ್ಲಿ ಕೃಷಿ ವಿಜ್ಞಾನ ಕೇಂದ್ರಗಳೂ ಸೇರಿವೆ, ಅಂಥದೊಂದು ತಿಪಟೂರಿನ ಬಳಿಯ ಕೊನೇಹಳ್ಳಿಯಲ್ಲಿದೆ. ನುಸಿಪೀಡೆ, ಕೊಬ್ಬರಿ ಧಾರಣೆಯ ಮಾತಿನ ನಡುವೆ ವಾರಕ್ಕೊಂದು ಗಂಟೆ ಕಛೇರಿ ಇಟ್ಟರೆ ಯಾರಿಗೂ ನಷ್ಟವಿಲ್ಲ. ಕಾನೂನು ಕೃತಿಗಳನ್ನು ಬಿಡಿಸಿಕೊಟ್ಟಿದೆ. ಹಾಡುವವರಿಲ್ಲದೆ ಆ ಬಿಡುಗಡೆ ಕಾಗದದಲ್ಲೇ ಉಳಿಯುತ್ತದೆ. ಆದ್ದರಿಂದ ಕೇಂದ್ರ ಕಟ್ಟಲು ಹೊರಟವರು ಪ್ರೇಷಕದ ಬೆಲೆ ವಿಚಾರಿಸುವ ಮುಂಚೆ ಸೀಮೆಯ ಹಾಡುಗಾರರ, ಪಕ್ಕವಾದ್ಯದವರ ಪಟ್ಟಿ ಮಾಡಲಿ. ಹಾಡು, ವಾದನವನ್ನು ಧ್ವನಿಮುದ್ರಿಸಲು ಅವರ ಒಪ್ಪಿಗೆ ಪಡೆದು, ಸಂಭಾವನೆಯ ಹಣವನ್ನು ಮೊದಲೇ ತೆಗೆದಿಡಲಿ.